ಗೋಡೆಗೆ ಮುಖ ಮಾಡಿದ ಸಂತ

ಬೆನ್ನಿನ ಮೇಲೆ ಬಿಸಿಲು ಬಿದ್ದಿದೆ, ಸಂತ ಅಂತೋಣಿಯ ಬೆನ್ನಿನ ಮೇಲೆ, ಹಾಗಾದರೆ ಗಂಟೆ ಮೂರಾಯಿತು, ಗೋಡೆಗೂಡಿನೊಳಗೆ ಕಿಟಕಿಯ ಬಿಸಿಲು ಇಣುಕುವುದು ಮೂರಕ್ಕೇ, ಕಂದು ನಿಲುವಂಗಿ ಅನ್ನುವುದು ಬಾಯಿಮಾತಿಗೆ, ಐವತ್ತೆರಡು ವರ್ಷ ಬಿಸಿಲುಂಡು ಅದೀಗ ಹಳೆ ಗೋಣಿಚೀಲದ ಬಣ್ಣ — ಒಲೆಯ ಮೇಲೆ ಕಾಳು ಕುದಿಯುತ್ತಿದೆ, ನಾಳೆಗೆ ಮೂರು ಪಾತ್ರೆ ಬೇಕು, ಊರಿಗೆ ಊರೇ ಬರುತ್ತದೆ, ನಾಳೆ ಅಣ್ಣ ಬರುತ್ತಾನೆ. ಅಣ್ಣ ಎಂದರೆ ದವಡೆಯ ಒಂದು ಚೂರು, ಎರಡು ಹಲ್ಲು. ಸೇನೆಯವನು ಅಡುಗೆಮನೆ ಮೇಜಿನ ಮೇಲೆ ಫೈಲು ಬಿಚ್ಚಿ, ಇಲ್ಲಿ ನೋಡಿ ಅಮ್ಮ, ನಿಮ್ಮ ರಕ್ತಕ್ಕೆ ಇದು ಹೊಂದುತ್ತೆ, ನೂರಕ್ಕೆ ನೂರು ದೆಲ್ಫಿನೋನೇ ಎಂದ, ಎಷ್ಟು ಮೆಲ್ಲಗೆ ಹೇಳಿದ, ಅವನಿಗೂ ಒಬ್ಬಳು ತಾಯಿ ಇದ್ದಾಳು. ವಿಯೆಟ್ನಾಂ ಯುದ್ಧಕ್ಕೆ ಹೊರಟಾಗ ಅಣ್ಣನಿಗೆ ಹತ್ತೊಂಬತ್ತು, ನನಗೆ ಹನ್ನೊಂದು, ಕಾಣೆಯಾಗಿದ್ದಾನೆ ಎಂಬ ತಂತಿ ಬಂದ ದಿನ ಅಮ್ಮ ಅಳಲಿಲ್ಲ, ಏಪ್ರನ್ನಿಗೆ ಕೈ ಒರೆಸಿಕೊಂಡು ನೇರ ಈ ಗೂಡಿನ ಮುಂದೆ ಬಂದು ನಿಂತಳು, ಯಾಕಯ್ಯಾ ಅಂತೋಣಿ, ಕಳೆದ ಕತ್ತೆ ಹುಡುಕಿಕೊಟ್ಟೆ, ಕಳೆದ ಸೂಜಿ ಹುಡುಕಿಕೊಟ್ಟೆ, ಅಷ್ಟೆತ್ತರದ ನನ್ನ ಮಗ ನಿನ್ನ ಕಣ್ಣಿಗೆ ಬೀಳ್ಲಿಲ್ವಾ, ಅವನನ್ನ ತಂದು ಕೊಡೋವರೆಗೂ ಗೋಡೆ ನೋಡ್ಕೊಂಡು ನಿಂತ್ಕೋ. ತಿರುಗಿಸಿಯೇಬಿಟ್ಟಳು. ಅವಳ ಅಜ್ಜ ಮರದ ಬೇರಿನಲ್ಲಿ ಕೆತ್ತಿದ ಸಂತ, ಅವಳ ಮದುವೆಗೆ ಬಂದ ಬಳುವಳಿ. ನಮ್ಮ ಕಣಿವೆಯಲ್ಲಿ ಇದೇನು ಹೊಸದಲ್ಲ, ಉಂಗುರ ಕಳೆದರೆ ಮೂರು ದಿನ, ದನ ಕಳೆದರೆ ಒಂದು ವಾರ, ಪಕ್ಕದ ಮನೆಯ ಎಲೋಯಿಸಾ ಗಂಡನ ಕುಡಿತ ಬಿಡಿಸಲು ಒಂದು ತಿಂಗಳು ತಿರುಗಿಸಿಟ್ಟಿದ್ದಳು, ಕುಡಿತ ಬಿಡಲಿಲ್ಲ, ಗಂಡನೇ ಬಿಟ್ಟುಹೋದ, ಅದೂ ಒಂದು ಪವಾಡ ಕಣೇ ಎಂದು ನಗುತ್ತಿದ್ದಳು. ಆದರೆ ಅಮ್ಮನದು ಉಡದ ಪಟ್ಟು. ಫಾದರ್ ಬಂದು ಹೇಳಿ ನೋಡಿದರು, ಕ್ಲಿಯೋಫಾಸ್, ದೇವರ ಮೇಲೆ ಹಟ ಮಾಡಬಾರದಮ್ಮ — ನಿಮಗೆ ಮಕ್ಕಳಿಲ್ಲ ಫಾದರ್, ಕಾಫಿ ಆರ್ತಾ ಇದೆ, ಕುಡೀರಿ. ಒಂಬತ್ತು ವರ್ಷದ ಕೆಳಗೆ ಅಮ್ಮ ಕೊನೆಯುಸಿರು ಎಳೆಯುತ್ತಿರುವಾಗಲೂ ಅದೇ ಮಾತು, ಅವನು ಬಂದ ದಿನ ತಿರುಗಿಸು ಹೆನೊವೇವಾ, ಅದಕ್ಕೆ ಮುಂಚೆ ಯಾರೂ ಮುಟ್ಟಬೇಡಿ.

ಮುಟ್ಟಲಿಲ್ಲ. ಅಮ್ಮನ ಮುನಿಸನ್ನು ಅವಳಿಗಿಂತ ಚೆನ್ನಾಗಿ ನಾನೇ ಕಾಪಾಡಿದೆ, ಅಮ್ಮ ಭಾನುವಾರ ಪೂಜೆಗಾದರೂ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು, ನಾನು ಅದನ್ನೂ ಬಿಟ್ಟೆ, ಮದುವೆ ಕೋರ್ಟಿನಲ್ಲಾಯಿತು, ಮೆಲೀಂದಾ ಹುಟ್ಟಿದಾಗ ಅಮ್ಮ ತೊಟ್ಟಿಲ ಬಳಿ ಬಂದು, ಮಗೂಗೆ ದೀಕ್ಷಾಸ್ನಾನ ಯಾವಾಗ ಎಂದಳು, ಒಂದೇ ಸಲ, ನಾನು ಹೇಳಿದೆ, ಅಣ್ಣ ಬರಲಿ. ಎಷ್ಟು ಹೆಮ್ಮೆಯಿಂದ ಹೇಳಿದೆ, ನಿನ್ನ ಪರವಾಗಿ ನಿಂತಿದ್ದೇನೆ ನೋಡು ಎಂಬ ಹಾಗೆ. ಅಮ್ಮ ಬಗ್ಗಿ ಮಗುವಿನ ಕಾಲ್ಚೀಲ ಸರಿಮಾಡಿದಳು. ಈಗ ಆ ಮಗುವಿಗೆ ಮೂವತ್ತಾರು, ಅಡುಗೆಮನೆಯಲ್ಲಿ ಸುಟ್ಟ ಮೆಣಸಿನಕಾಯಿ ಸಿಪ್ಪೆ ಬಿಡಿಸುತ್ತ ಕೂಗುತ್ತಾಳೆ, ಅಮ್ಮಾ, ನಾಳೆ ಮಾವನ ಶವಪೆಟ್ಟಿಗೆ ಮುಂದೆ ನಾನೇನು ಹೇಳ್ಲಿ, ಒಂದು ಪ್ರಾರ್ಥನೆನೂ ಬರಲ್ಲ ನಂಗೆ, ಬಾಯಿ ಅಲ್ಲಾಡಿಸ್ತಾ ನಿಂತಿರ್ಲಾ? — ಹೂಂ, ಅಲ್ಲಾಡಿಸು, ಊರಲ್ಲಿ ಅರ್ಧ ಜನ ಮಾಡೋದು ಅದನ್ನೇ. — ತಮಾಷೆ ಬೇಡ ಅಮ್ಮಾ. ಅಂತೋಣಿನ ನಂಗೆ ಕೊಡ್ತೀಯಾ? — ಬೆನ್ನು ತೆಗೆದುಕೊಂಡು ಏನು ಮಾಡ್ತೀಯೇ? — ಬೆನ್ನಾದ್ರೂ ಸರಿ, ನಾನು ನೋಡಿರೋದು ಅದನ್ನೇ ಅಲ್ವಾ, ಪರೀಕ್ಷೆ ಇದ್ದಾಗೆಲ್ಲ ಆ ಬೆನ್ನಿಗೇ ಹೇಳ್ಕೊಳ್ತಿದ್ದೆ, ನಿಂಗೆ ಗೊತ್ತಿಲ್ಲ. ಗೊತ್ತಿರಲಿಲ್ಲ. ನನ್ನ ಮಗಳು ಒಂದು ಬೆನ್ನಿಗೆ ಕೈಮುಗಿದು ಬೆಳೆದಳು, ನಾನು ಕೊಟ್ಟದ್ದು ಅಷ್ಟೇ. ತಿರುಗಿಸಬೇಕು. ತಿರುಗಿಸಿದರೆ, ಅಂತೋಣಿ, ನೀನು ಮಾತು ಉಳಿಸಿಕೊಂಡೆ ಎಂದು ಒಪ್ಪಿದ ಹಾಗೆ — ಎರಡು ಹಲ್ಲು ತಂದುಕೊಟ್ಟದ್ದಕ್ಕೆ, ತಾಯಿ ಮಣ್ಣಾದ ಮೇಲೆ ತಂದುಕೊಟ್ಟದ್ದಕ್ಕೆ! ತಿರುಗಿಸದಿದ್ದರೆ ಅಮ್ಮನ ಮಾತು ಮುರಿದ ಹಾಗೆ, ಮೆಲೀಂದಾ ಈ ಬೆನ್ನನ್ನೇ ತನ್ನ ಮನೆಗೆ ಹೊತ್ತುಕೊಂಡು ಹೋಗುತ್ತಾಳೆ, ಅವಳ ಮಕ್ಕಳು ಇದನ್ನೇ ದೇವರು ಅಂದುಕೊಳ್ಳುತ್ತಾರೆ. ನಿನ್ನನ್ನು ಕ್ಷಮಿಸಿಲ್ಲ ಅಂತೋಣಿ, ಕೇಳಿಸಿತಾ, ಅಮ್ಮನಿಗೋಸ್ಕರ ಮಾಡುತ್ತಿದ್ದೇನೆ, ಅವಳೇ ಕೊನೆಯವರೆಗೂ ಮುಖ ನೋಡದವನ ಮುಖ ನನಗೇನು ಬೇಕಾಗಿತ್ತು.

ಐವತ್ತೆರಡು ವರ್ಷ ನಿಂತದ್ದು, ಅಂಟಿಕೊಂಡಿರುತ್ತದೆ, ಬಲವಾಗಿ ಹಿಡಿದು ಎಳೆಯಬೇಕು ಎಂದುಕೊಂಡು ಭುಜ ಹಿಡಿದೆ, ಎಳೆಯುವ ಮೊದಲೇ ಸಲೀಸಾಗಿ ಸರಿಯಿತು, ಎಣ್ಣೆ ಹಾಕಿದ ಬಾಗಿಲಿನ ಹಾಗೆ — ಏನಿದು, ಹಲಗೆಯ ಮೇಲೆ ಅರ್ಧಚಂದ್ರದ ಗುರುತು, ಬಣ್ಣ ಹೋಗಿ ಮರ ನುಣ್ಣಗೆ ಸವೆದ ಜಾಡು, ಒಂದು ಸಲ ತಿರುಗಿಸಿದರೆ ಬೀಳುವ ಗುರುತಲ್ಲ, ಸಾವಿರ ಸಲ ತಿರುಗಿಸಿ ಮತ್ತೆ ಗೋಡೆಗೆ ನಿಲ್ಲಿಸಿದರೆ — ಶನಿವಾರ ಧೂಳು ಒರೆಸುವಾಗ ಅಮ್ಮ ಈ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳಲ್ಲ, ಧೂಳು ಆಚೆ ಬರುತ್ತೆ ಕಣೇ ಎನ್ನುತ್ತಿದ್ದಳಲ್ಲ — ಅಮ್ಮಾ, ತಿರುಗಿಸಿಬಿಟ್ಯಾ, ಮೆಲೀಂದಾ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತಿದ್ದಾಳೆ, ಅಯ್ಯೋ, ಮುಖಕ್ಕೇನಾಗಿದೆ, ಹುಳ ತಿಂದಿದ್ಯಾ? ಹುಳವಲ್ಲ ಮಗಳೇ, ಹುಳ ತಿಂದರೆ ತೂತಾಗುತ್ತದೆ, ಇದು ಸವೆದದ್ದು, ಚರ್ಚಿನಲ್ಲಿ ಶುಭಶುಕ್ರವಾರ ಜನ ಮುತ್ತಿಟ್ಟು ಮುತ್ತಿಟ್ಟು ಯೇಸುವಿನ ಪಾದ ಸವೆದಿದೆಯಲ್ಲ, ಹಾಗೆ. ಎಲ್ಲರಿಗೂ ಬೆನ್ನು ತೋರಿಸಿ ತಾನೊಬ್ಬಳೇ, ಅಮ್ಮಾ, ನನಗೊಂದು ಮಾತು ಹೇಳಬಾರದಿತ್ತೇ, ನಾನು ನಿನ್ನ ಜಗಳವನ್ನೇ ನಂಬಿಕೆ ಎಂದುಕೊಂಡು — ಕಣ್ಣುಗಳು ನಿನ್ನೆ ಬರೆದ ಹಾಗಿವೆ, ಕಪ್ಪು, ಹೊಳಪು, ಬಿಸಿಲು ಕಾಣದ ಬಣ್ಣ, ತುಟಿ ಕೆಂಪಗಿದೆ, ಹಣೆಯ ಮೇಲೆ ಮಾತ್ರ ಬಣ್ಣವಿಲ್ಲ, ಎಡಗೆನ್ನೆಯ ಮೇಲೆ ಇಲ್ಲ, ಬಲಗೆನ್ನೆಯ ಮೇಲೆ ಇಲ್ಲ, ಬರೀ ಮರ, ಹಣೆ, ಎಡಗೆನ್ನೆ, ಬಲಗೆನ್ನೆ, ಯುದ್ಧಕ್ಕೆ ಹೊರಟ ದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ ದೆಲ್ಫಿನೋನನ್ನು ಬಗ್ಗಿಸಿ ಅಮ್ಮ ಮುತ್ತಿಟ್ಟ ಹಾಗೇ, ಅದೇ ಸಾಲಿನಲ್ಲಿ, ಹಣೆ, ಎಡಗೆನ್ನೆ, ಬಲಗೆನ್ನೆ