ಮುಂಗಡ ನಮಸ್ಕಾರ

ಹಳದೀಪುರದ ಅಣ್ಣಪ್ಪ ನಾಯ್ಕರು ಹುಡುಗರಿಗೆ ಫುಟ್‌ಬಾಲ್ ಕಲಿಸುವ ಮಾಸ್ತರರಾದದ್ದು ಆಟ ಬಲ್ಲರೆಂದಲ್ಲ. ಊರಿನಲ್ಲಿ ಇದ್ದ ಒಂದೇ ಚೆಂಡು ಅವರ ಮನೆಯಲ್ಲಿತ್ತು, ಅಷ್ಟೆ.

ಚೆಂಡು ಅವರ ಮಗ ಶಿವನದು. ಅವನು ಮುಂಬಯಿಯ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದು, ಗಿರಣಿಯ ತಂಡದಲ್ಲಿ ಆಡುತ್ತಿದ್ದ. ಯುದ್ಧದ ನಡುವೆ ಒಂದು ಮಳೆಗಾಲದಲ್ಲಿ ವಿಷಮಜ್ವರ ಬಂದು ಅಲ್ಲಿಯೇ ತೀರಿಕೊಂಡ. ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡನೆಂದು ಅಣ್ಣಪ್ಪನವರು ಬಂದವರಿಗೆಲ್ಲ ಹೇಳಿದರು. ತಮಗೆ ತಾವೇ ಹೇಳಿಕೊಳ್ಳಲು ಮಾತ್ರ ಆಗಲಿಲ್ಲ. ಮಗನ ಟ್ರಂಕಿನಲ್ಲಿ ಒಂದೆರಡು ಅಂಗಿ, ಒಂದು ಸೀಟಿ, ಗಾಳಿ ತುಂಬುವ ಪಂಪು ಮತ್ತು ಆ ಚೆಂಡು ಬಂದವು. ಚರ್ಮದ್ದಾದ್ದರಿಂದ ಅದು ದೇವರ ಕೋಣೆಗೆ ಸಲ್ಲದು; ಮಗನದಾದ್ದರಿಂದ ಅಟ್ಟಕ್ಕೆ ಎಸೆಯಲು ಮನಸ್ಸು ಬಾರದು. ಹೆಂಡತಿ ಮಾದೇವಿಯಮ್ಮ ಒಳಜಗಲಿಯ ನೆಲುವಿನಿಂದ ಉಪ್ಪಿನಕಾಯಿಯ ಭರಣಿಯನ್ನು ಕೆಳಗಿಳಿಸಿ ಅಲ್ಲಿ ಚೆಂಡನ್ನು ಕೂಡಿಸಿದರು. ಭರಣಿಗೆ ಇರುವೆ ಹತ್ತಿತು. ಚೆಂಡು ಸುಖವಾಗಿ ತೂಗಾಡಿತು.

ಕೇರಿಯ ಹುಡುಗರು ಚಿಂದಿ ಸುತ್ತಿದ ಉಂಡೆಯನ್ನು ಒದ್ದು ಒದ್ದು ಬೇಸತ್ತು, ಒಂದು ಸಂಜೆ ಬಂದು ಅಂಗಳದಲ್ಲಿ ನಿಂತರು. ಅಣ್ಣಪ್ಪನವರು ಆಗದೆಂದು ಹೇಳಲು ಬಾಯಿ ತೆರೆದಿದ್ದರು. ಮಾದೇವಿಯಮ್ಮ ಅಷ್ಟರಲ್ಲಿ ನೆಲುವಿಗೆ ಕೈ ಹಾಕಿಯಾಗಿತ್ತು.

“ಅವ ಆಡೂ ಚೆಂಡು. ಹಿಂಗೆ ನೇತಾಡ್ಸಿ ಇಟ್ರೆ ಎಂತ ಬಂತು? ತಕಂಡೋಗ್ಲಿ. ಆದ್ರೆ ನೀವೂ ಸಂಗ್ತಿಗೆ ಹೋಗಿ. ಚೆಂಡಿನ ಮೇಲಿಂದ ಕಣ್ಣು ತೆಗೀಬೇಡಿ. ದೀಪ ಹಚ್ಚೂದ್ರೊಳಗೆ ಅದು ಮನೀಗೆ ಬರ್ಬೇಕು.”

ಹೀಗೆ ಕಾವಲಿಗೆಂದು ಹೋದವರು ಸೀಟಿ ಕೈಯಲ್ಲಿದ್ದ ತಪ್ಪಿಗೆ ಮಾಸ್ತರರಾದರು. ಆಟದ ವಿಷಯ ಅವರಿಗೆ ಗೊತ್ತಿದ್ದದ್ದು ಮಗ ರಜೆಯಲ್ಲಿ ಬಂದಾಗ ಹೇಳಿದಷ್ಟೇ: ಕೈ ತಾಗಿಸಬಾರದು, ಚೆಂಡು ಎದುರಿನವರು ನೆಟ್ಟ ಎರಡು ಬಿದಿರು ಗಳಗಳ ನಡುವೆ ಹೋಗಬೇಕು. ಉಳಿದದ್ದನ್ನು ದೇವರ ಮೇಲೆ ಭಾರ ಹಾಕಿ ಕಲಿಸಿದರು. ತಾವು ಮಾತ್ರ ಒಮ್ಮೆಯೂ ಚೆಂಡಿಗೆ ಕಾಲು ಮುಟ್ಟಿಸಲಿಲ್ಲ. ಅದು ತಮ್ಮತ್ತ ಉರುಳಿ ಬಂದರೆ ಎರಡೂ ಕೈಯಿಂದ ಎತ್ತಿ, ಧೂಳು ಒರೆಸಿ, ಪ್ರಸಾದ ಕೊಟ್ಟ ಹಾಗೆ ಕೊಡುತ್ತಿದ್ದರು.

“ಕೈ ತಾಗ್ಸೂಕಿಲ್ಲ ಅಂದವ್ರು ನೀವೇ ಅಲ್ದಾ ಅಜ್ಜ?” ಎಂದು ರಾಮ ಕೇಳಿದ. ಹುಡುಗರಲ್ಲಿ ಓಟಗಾರ ಅವನೇ, ಬಾಯಿಯೂ ಅವನದೇ.

“ನಾ ಆಡೂನಲ್ಲ ತಮಾ, ಕಾಯೂನು” ಎಂದರು ಅಣ್ಣಪ್ಪನವರು.

ಆಟ ನಡೆಯುತ್ತಿದ್ದದ್ದು ಬೀರಪ್ಪನ ಕೊಯ್ದ ಗದ್ದೆಯಲ್ಲಿ. ಅವನು ಅಲ್ಲಿ ಶೇಂಗಾ ಬಿತ್ತಬೇಕೆಂದು ಬೀಜ ತರಿಸಿ ಇಟ್ಟಿದ್ದ. ಒಂದು ಸಂಜೆ ಬದುವಿನ ಮೇಲೆ ಕುಳಿತು ಆಟ ನೋಡಿದ. ರಾಮನ ಕಾಲು ಸೋಮನಿಗೆ ತಾಗಿತು. ರಾಮ ಓಟ ನಿಲ್ಲಿಸಿ, ಬಗ್ಗಿ, ಸೋಮನ ಮೈ ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಅಷ್ಟರಲ್ಲಿ ಸೋಮನ ಕಾಲು ಇನ್ನೊಬ್ಬನಿಗೆ ತಾಗಿತು, ಸೋಮ ಬಗ್ಗಿದ. ಚೆಂಡು ಯಾರಿಗೂ ಬೇಡವಾಗಿ ಕೊಚ್ಚೆಗೆ ಉರುಳಿತು. ಕಾಲು ತಾಗಿದರೆ ಮುಟ್ಟಿ ನಮಸ್ಕರಿಸಬೇಕೆಂದು ಹೆತ್ತವರು ಕಲಿಸಿದ್ದನ್ನು ಮಕ್ಕಳು ಮರೆತಿಲ್ಲವಲ್ಲ ಎಂದು ಅಣ್ಣಪ್ಪನವರಿಗೆ ಸಂತೋಷವೇ ಆಗಿತ್ತು.

“ಇದು ಆಟವಾ, ಮದ್ವೆ ಮನೆಯಾ ಮಾರಾಯ? ಎಲ್ಲರೂ ಬಗ್ಗೂದೇ” ಎಂದ ಬೀರಪ್ಪ. ಅವನು ಕೆಟ್ಟವನಲ್ಲ, ಆದರೆ ಬೀಜ ಮುಗ್ಗುತ್ತಿತ್ತು. ಬರುವ ಭಾನುವಾರ ಕುಮಟೆಯ ಶಾಲೆಯ ಹುಡುಗರು ಆಡಲು ಬರುವವರಿದ್ದರು. ಅವರ ಮೇಲೆ ಒಂದು ಗೋಲು, ಒಂದೇ ಒಂದು, ಹೊಡೆದರೆ ಮಳೆಗಾಲದ ತನಕ ಗದ್ದೆ ಹುಡುಗರದು. ಇಲ್ಲವಾದರೆ ಸೋಮವಾರ ನೇಗಿಲು, ಎಂದು ಹೇಳಿ ಎದ್ದುಹೋದ.

ಅಣ್ಣಪ್ಪನವರಿಗೆ ಅನ್ನ ಸೇರಲಿಲ್ಲ. ಗದ್ದೆ ಹೋದರೆ ಆಟ ಹೋಯಿತು. ಚೆಂಡು ಮತ್ತೆ ನೆಲುವಿಗೆ. ಸಂಜೆ ಆ ಧಬಧಬ ಸದ್ದು ಕೇಳುವಾಗ ಶಿವನೇ ಗದ್ದೆಯಲ್ಲಿದ್ದಾನೆ ಎನ್ನಿಸುವುದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಹಾಗೆಂದು ಹುಡುಗರಿಗೆ ಮರ್ಯಾದೆ ಬಿಡಿ ಎಂದು ಯಾವ ಬಾಯಿಯಿಂದ ಹೇಳುವುದು?

ಭಾನುವಾರ ಬೆಳಿಗ್ಗೆ ಎದ್ದವರು ರೂಢಿಯಂತೆ, ಕಾಲೂರುವ ಮೊದಲು ನೆಲ ಮುಟ್ಟಿ, ಮೆಟ್ಟುವುದನ್ನು ಕ್ಷಮಿಸು ತಾಯಿ ಎಂದು ಭೂದೇವಿಯನ್ನು ಬೇಡಿಕೊಂಡರು. ಬೇಡಿಕೊಂಡವರು ಕೈ ನೆಲದ ಮೇಲಿರುವಂತೆಯೇ ಕುಳಿತುಬಿಟ್ಟರು. ಬೆಳಿಗ್ಗೆ ಒಮ್ಮೆ ಕ್ಷಮೆ ಕೇಳಿದರೆ ಇಡೀ ದಿನಕ್ಕೆ ಸಾಕು. ಹೆಜ್ಜೆ ಹೆಜ್ಜೆಗೂ ಬಗ್ಗಿ ಕೇಳಿರೆಂದು ಭೂಮಿತಾಯಿ ಹೇಳಿಲ್ಲ.

ಸಂಜೆ ಕುಮಟೆಯ ಹುಡುಗರು ಇದ್ದಿಲಿನ ಬಸ್ಸಿನಲ್ಲಿ ಮೈಯೆಲ್ಲ ಮಸಿ ಮಾಡಿಕೊಂಡು ಬಂದಿಳಿದರು. ಹಳದೀಪುರದ ಹುಡುಗರು ಸಾಲಾಗಿ ಹೋಗಿ ಅವರಲ್ಲಿ ಒಬ್ಬೊಬ್ಬರನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಕುಮಟೆಯವರು ಮುಖ ಮುಖ ನೋಡಿಕೊಂಡು ಕಿಸಕ್ಕೆಂದರು. ಅವರ ಮಾಸ್ತರ ಅನಂತಮೂರ್ತಿ, ಇದೆಂತ ಎಂದು ಕೇಳಿದರು.

“ಮುಂಗಡ” ಎಂದರು ಅಣ್ಣಪ್ಪನವರು. “ಇವತ್ತು ತಾಗೂ ಕಾಲಿಗೆಲ್ಲ ಸೇರ್ಸಿ. ನಿಮ್ಮವ್ರೂ ಕೊಟ್ರೆ ಒಳ್ಳೇದು.”

ತಮ್ಮವರಿಗೆ ಅದರ ಅಗತ್ಯವಿಲ್ಲವೆಂದು ಅನಂತಮೂರ್ತಿ ಮಾಸ್ತರರು ನಕ್ಕು, ತೀರ್ಪುಗಾರರಾಗಿ ನಿಂತು ಸೀಟಿ ಊದಿದರು.

ಹಳದೀಪುರದ ಹುಡುಗರು ಅಂದು ಬಗ್ಗಲಿಲ್ಲ. ಆದರೂ ಕುಮಟೆಯವರು ಗೋಲಿನ ಮೇಲೆ ಗೋಲು ಹೊಡೆದರು, ಏಕೆಂದರೆ ಅವರಿಗೆ ಆಟ ಬರುತ್ತಿತ್ತು. ಬೀರಪ್ಪ ಬದುವಿನ ಮೇಲೆ ಕುಳಿತು ಗದ್ದೆಯಲ್ಲಿ ಎಷ್ಟು ಸಾಲು ಬರಬಹುದೆಂದು ಕಣ್ಣಳತೆ ನೋಡುತ್ತಿದ್ದ. ಅಣ್ಣಪ್ಪನವರು ಹೆಂಡತಿಯ ಅಪ್ಪಣೆಯಂತೆ ಚೆಂಡಿನ ಮೇಲೆ ಕಣ್ಣಿಟ್ಟು, ಪಂಚೆ ಎತ್ತಿಕೊಂಡು, ಗೆರೆಯ ಹೊರಗೆ ಅದರ ಹಿಂದೆಯೇ ಓಡುತ್ತಿದ್ದರು.

ಆಟ ಮುಗಿಯುತ್ತ ಬಂದಾಗ ಚೆಂಡು ಕುಮಟೆಯವರ ಗಳದ ಬಳಿ ಗೆರೆಯ ಅಂಚಿಗೆ ಬಂತು. ಅದನ್ನು ದೂರ ಒದೆಯಲು ಅವರ ಎತ್ತರದ ಹುಡುಗ ಜೋರಾಗಿ ಕಾಲು ಬೀಸಿದ. ಚೆಂಡಿಗೆ ಅರ್ಧ ತಾಗಿತು. ಉಳಿದರ್ಧ ಅಣ್ಣಪ್ಪನವರ ಮೊಳಕಾಲಿಗೆ. ಅವರು ಕುಕ್ಕರಿಸಿದರು. ಮುದುಕರಿಗೆ ಕಾಲು ತಾಗಿತೆಂದು ಹುಡುಗನ ಮುಖ ಬಿಳುಚಿತು. ಆಟ ಮರೆತು ಬಂದು ಅವರ ಎರಡೂ ಪಾದ ಹಿಡಿದು ತಲೆಯೂರಿದ. ಗೋಲು ಕಾಯುವವನೂ ಹೆದರಿ ಓಡಿಬಂದು ಪಕ್ಕದಲ್ಲಿ ಬಗ್ಗಿದ.

ಅಣ್ಣಪ್ಪನವರ ಕೈ ತಾನಾಗಿ ಹುಡುಗನ ತಲೆಯ ಮೇಲೆ ಹೋಯಿತು. ಕೂದಲು ಬೆವರಿನಿಂದ ಒದ್ದೆಯಾಗಿತ್ತು, ಬಿಸಿಯಾಗಿತ್ತು.

“ತುಂಬ ಕಾಲ ಬದುಕು ತಮಾ” ಎಂದರು.

ಅವರು ಕೈ ತೆಗೆಯಲಿಲ್ಲ. ಕೈ ತೆಗೆಯದೆ ಹುಡುಗ ಏಳುವಂತಿರಲಿಲ್ಲ. ಆಚೆ ರಾಮ, ಮುಂಗಡ ಕೊಟ್ಟು ಮುಗಿಸಿದ್ದವನು, ತನ್ನತ್ತ ಉರುಳಿ ಬಂದ ಚೆಂಡನ್ನು ಯಾರೂ ಕಾಯದ ಗಳಗಳ ನಡುವೆ ಮೆಲ್ಲಗೆ ತಳ್ಳಿದ.

ಕುಮಟೆಯವರು ತಕರಾರು ತೆಗೆದರು. ಮುದುಕರು ಗೆರೆಯ ಹೊರಗಿದ್ದರು, ನೀವಾಗಿಯೇ ಹೋಗಿ ಬಿದ್ದಿರಿ, ಗೋಲು ಗೋಲೇ ಎಂದು ಅನಂತಮೂರ್ತಿ ಮಾಸ್ತರರು ತೀರ್ಪು ಕೊಟ್ಟರು. ಬೀರಪ್ಪ ಬಹಳ ಹೊತ್ತು ಗದ್ದೆಯನ್ನೇ ನೋಡಿದ. ಆಮೇಲೆ ಮನೆಗೆ ಹೋಗಿ ಬಿತ್ತನೆಯ ಶೇಂಗಾವನ್ನು ಹುರಿಸಿ ತಂದು, ಗೊಣಗುತ್ತ ಎರಡೂ ಊರಿನ ಹುಡುಗರಿಗೆ ಹಂಚಿದ.

ಅಣ್ಣಪ್ಪನವರು ಕುಂಟುತ್ತ ಮನೆ ಸೇರಿದಾಗ ದೀಪ ಹಚ್ಚಿಯಾಗಿತ್ತು. ಮಾದೇವಿಯಮ್ಮ ಅವರ ಮಡಿಲಿನ ಗಂಟು ನೋಡಿದರು.

“ಚೆಂಡು ತತ್ತೆ ಅಂದವ್ರು ಶೇಂಗಾ ತಂದ್ರಲ್ಲ. ಚೆಂಡೆಲ್ಲಿ?”

ಅವರು ಬರಿಗೈ ನೋಡಿಕೊಂಡರು. ಗೋಲು ಆಗಿದೆ, ಗದ್ದೆ ಉಳಿಯಿತು, ಆದರೆ ಗೋಲನ್ನು ತಾವು ಕಾಣಲಿಲ್ಲ ಎಂದು ತಡವರಿಸುತ್ತ ಹೇಳಿದರು.

“ಕಣ್ಣು ತೆಗೀಬೇಡಿ ಅಂದಿದ್ದೆ.”

“ಒಬ್ಬ ಹುಡ್ಗ ಕಾಲಿಗೆ ಬಿದ್ದಿದ್ದ. ಬದುಕು ಅಂತ ಹೇಳ್ತಾ ಇದ್ದೆ.”

ಆಗ ರಾಮ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡೋಡಿ ಬಂದ. ಮಾದೇವಿಯಮ್ಮ ಅದನ್ನು ತೆಗೆದುಕೊಳ್ಳಲು ಕೈ ಚಾಚಲಿಲ್ಲ.

“ನಿಮ್ಮನೇಲೇ ಇಟ್ಕ ತಮಾ. ನಾಳೆ ಗದ್ದೀಗೆ ತಕಂಬಾ” ಎಂದು ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಉಪ್ಪಿನಕಾಯಿಯ ಭರಣಿಯನ್ನು ಇರುವೆ ಕೊಡವಿ ನೆಲುವಿಗೇರಿಸಲು ಒಳಗೆ ಹೋದರು.