ಎತ್ತರದ ಅಂಕಿ

ಸಮತಾ ಮೂರು ತಿಂಗಳು ಕೂತು ಕಂಪ್ಯೂಟರಿನಲ್ಲಿ ಕಟ್ಟಿದ ಭದ್ರಾವತಿಯ ಕಾಗದನಗರದಲ್ಲಿ ಎಲ್ಲವೂ ಇತ್ತು, ಎತ್ತರವೊಂದನ್ನು ಬಿಟ್ಟು. ಗುಂಡು ಹಾರಿಸುವ ಯಾವುದೋ ಗೇಮಿನಿಂದ ಬಂದೂಕು, ರಕ್ತ ಎಲ್ಲವನ್ನೂ ಗುಡಿಸಿ ಹಾಕಿ, ತಾನು ಬೆಳೆದ ಕ್ವಾರ್ಟರ್ಸನ್ನೂ ಅಪ್ಪ ದುಡಿದ ಕಾಗದದ ಕಾರ್ಖಾನೆಯನ್ನೂ ಅಲ್ಲಿ ತಂದು ನಿಲ್ಲಿಸಿದ್ದಳು. "ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ" ಎಂದು ಅಮ್ಮ ಉಮಾಮಹೇಶ್ವರಿ ಅಣಕಿಸುತ್ತಿದ್ದಳು.

ಅಣಕಿಸಿದವಳೇ ಒಂದು ಭಾನುವಾರ ಮಧ್ಯಾಹ್ನ, ಶಿವಮೊಗ್ಗದ ಬಾಡಿಗೆ ಮನೆಯಲ್ಲಿ, ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ತೆಳ್ಳಗೆ ಮಂಜು, ಸದ್ದಿಲ್ಲದ ಬೀದಿ. ಗುಂಡಿ ಒತ್ತುತ್ತ ನಡೆದ ಅಮ್ಮ ಕಾರ್ಖಾನೆಯ ಗೇಟಿನ ಬಳಿ ನಿಂತುಬಿಟ್ಟಳು.

"ಹದಿನೆಂಟು ವರ್ಷ ಇಲ್ಲೇ ಬುತ್ತಿ ಹಿಡ್ಕೊಂಡು ನಿಂತಿದ್ದೀನಿ ಕಣೇ. ಒಂದು ದಿನಕ್ಕೂ ನಿಮ್ಮಪ್ಪ ಬಂದು ಈಸ್ಕೊಳ್ಳಲಿಲ್ಲ. ಮೂರು ನಿಮಿಷ ನೋಡೋದು, ವಾಚ್‌ಮನ್ ಕೈಗೆ ಕೊಟ್ಟು ಬರೋದು."

ಅಪ್ಪ ವಿಜಯಕುಮಾರ್ ತೀರಿಕೊಂಡು ಆರು ವರ್ಷವಾಗಿತ್ತು, ಈ ಸಿಟ್ಟು ಮಾತ್ರ ತೀರಿರಲಿಲ್ಲ. ಗಂಡನಿಗೆ ತನ್ನ ಮೇಲೆ ಮನಸ್ಸೇ ಇರಲಿಲ್ಲ ಎಂದು ಅಮ್ಮ ನಂಬಿದ್ದಳು. ಅದು ಸುಳ್ಳಾಗಲಿ ಎಂದು ಸಮತಾಳ ಜೀವ ಹಂಬಲಿಸುತ್ತಿತ್ತು.

ಅಪ್ಪನ ಜೊತೆ ದುಡಿದಿದ್ದ ಭದ್ರಾವತಿಯ ಶಶಿಧರ್‌ಗೆ ಗೇಮಿನ ಚಿತ್ರ ಕಳಿಸಿ ಫೋನ್ ಮಾಡಿದಳು.

"ಚೆನ್ನಾಗಿದೆ ಮಾರಾಯ್ತಿ, ಆದ್ರೆ ವಿಜಯನ್ನ ನೆಲದ ಮೇಲೆ ಹುಡುಕಿದ್ರೆ ಸಿಗ್ತಾನಾ?" ಎಂದರು ಅವರು. "ದಿಮ್ಮಿ ಎತ್ತೋ ಕ್ರೇನಿನ ತುದೀಲಿ ಅವನ ಕ್ಯಾಬಿನ್ನು. ನೂರಾ ಹತ್ತು ಮೆಟ್ಟಿಲು. ಗೇಟಿಗೆ ನಿಮ್ಮಮ್ಮ ಬಂದ್ರೆ ಲೋಡು ಕೆಳಗಿಟ್ಟು ಕ್ರೇನ್ ನಿಲ್ಸಿ ಅವಳನ್ನೇ ನೋಡ್ತಾ ಕೂತ್ಬಿಡೋನು. ಸೂಪರ್‌ವೈಸರ್ ಹತ್ರ ಎಷ್ಟು ಬೈಸ್ಕೊಂಡಿದ್ದಾನೋ!"

"ಮತ್ತೆ ಇಳಿದು ಯಾಕೆ ಬರ್ತಿರಲಿಲ್ಲ ಅಂಕಲ್?"

"ನೀನೇ ಮೆಟ್ಟಿಲು ಕಟ್ಟಿ ನೋಡು."

ಸಮತಾ ಕ್ರೇನನ್ನು ಆಕಾಶಕ್ಕೆ ಬರೀ ಚಿತ್ರವಾಗಿ ಅಂಟಿಸಿದ್ದಳು. ಗೇಮಿನ ಲೋಕದಲ್ಲಿ ಪ್ರತಿ ವಸ್ತುವಿನ ಜಾಗಕ್ಕೂ ಮೂರು ಅಂಕಿ. ಎರಡು ಅಂಕಿ ಅದು ನೆಲದಲ್ಲಿ ಎಲ್ಲಿದೆ ಅನ್ನುತ್ತವೆ, ಮೂರನೆಯದು ಎಷ್ಟು ಮೇಲಿದೆ ಅನ್ನುತ್ತದೆ. ಅವಳ ಊರಿನಲ್ಲಿ ಆ ಮೂರನೆಯದು ಬಹುಮಟ್ಟಿಗೆ ಸೊನ್ನೆಯೇ. ವಾರವಿಡೀ ಕೂತು ಒಂದೊಂದು ಮೆಟ್ಟಿಲಿಗೂ ಅದರ ಎತ್ತರ ತುಂಬಿದಳು. ಗೇಟಿನಲ್ಲಿ ಬುತ್ತಿ ಹಿಡಿದ ಹೆಂಗಸೊಬ್ಬಳನ್ನು ನಿಲ್ಲಿಸಿ, ಅವಳಿಗೆ ಅಮ್ಮ ಹೇಳಿದ ಮೂರೇ ನಿಮಿಷ ಕೊಟ್ಟಳು.

ಮುಂದಿನ ಭಾನುವಾರ ಅಮ್ಮ ಮತ್ತೆ ಕಂಪ್ಯೂಟರಿನ ಮುಂದೆ ಕೂತು ಆ ಮೆಟ್ಟಿಲು ಹತ್ತಿದಳು. ಹತ್ತುತ್ತ ಹತ್ತುತ್ತ ಮಂಜು ಕಾಲ ಕೆಳಗಾಯಿತು. ಕ್ವಾರ್ಟರ್ಸಿನ ಸೂರುಗಳು ಮಂಜಿನಲ್ಲಿ ತೇಲಿದವು, ಹೊಳೆಹೊನ್ನೂರಿನ ಕಡೆಗೆ ಭದ್ರೆ ಬೆಳ್ಳಗೆ ಹೊರಳಿಕೊಂಡು ಹೋಗುತ್ತಿದ್ದಳು. ಕ್ಯಾಬಿನ್ನಿನಲ್ಲಿ ಗಾಳಿಯ ಸದ್ದೊಂದೇ. ಇಡೀ ಊರೇ ನಿದ್ದೆಯಲ್ಲಿ ಉಸಿರಾಡುವಂತಿತ್ತು. ಕಿಟಕಿಯ ನೇರಕ್ಕೆ, ತೀರಾ ಕೆಳಗೆ, ಗೇಟು. ಅಷ್ಟರಲ್ಲಿ ಅಲ್ಲೊಬ್ಬಳು ಬಂದು ನಿಂತಳು.

"ಅದು ನಾನಾ?"

"ಹೂಂ."

"ಇಷ್ಟು ಚೆನ್ನಾಗಿ ಕಾಣ್ತಿದ್ದೆನಾ ಅವರಿಗೆ!" ಅಮ್ಮ ಪರದೆಯ ಹತ್ತಿರಕ್ಕೆ ಬಾಗಿದಳು. ಸ್ವಲ್ಪ ಹೊತ್ತು ನೋಡುತ್ತ ಕೂತವಳು, "ತಡಿ, ಹೋಗಿ ಬುತ್ತಿ ಈಸ್ಕೊಂಡು ಬರ್ತೀನಿ" ಎಂದು ಸರಸರನೆ ಮೆಟ್ಟಿಲಿಳಿಯತೊಡಗಿದಳು.

ಇಳಿದಷ್ಟೂ ಮೆಟ್ಟಿಲು ಮುಗಿಯಲೊಲ್ಲದು. ಅಮ್ಮನ ಬೆರಳು ಗುಂಡಿಯನ್ನು ಬಲವಾಗಿ ಅದುಮಿತು. ಅರ್ಧ ದಾರಿಯೂ ಆಗಿರಲಿಲ್ಲ, ಕೆಳಗಿನವಳು ಬುತ್ತಿಯನ್ನು ವಾಚ್‌ಮನ್ ಕೈಗೆ ಕೊಟ್ಟು, ಬೆನ್ನು ತಿರುಗಿಸಿ, ಬಿರಬಿರನೆ ಮಂಜಿನೊಳಗೆ ನಡೆದುಬಿಟ್ಟಳು.

"ಏ, ನಿಲ್ಲೇ!" ಅಮ್ಮ ಪರದೆಗೆ ಕೈಚಾಚಿ ಕೂಗಿದಳು. "ಒಂಚೂರು ನಿಲ್ಲೇ ಮಾರಾಯ್ತಿ, ಬರ್ತಿದ್ದೀನಿ!"