ಲಾಭ, ಎರಡು, ಮೂರು, ನಾಕು

ಲ್ಯಾಪ್‌ಟಾಪಿನಲ್ಲಿ ಕಟ್ಟಿದ ನನ್ನ ಡಿಜೆ ಟ್ರ್ಯಾಕಿನಲ್ಲಿ ತಪ್ಪೇ ಇಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಆದರೆ ಯಾವುದು ತಪ್ಪು, ಯಾವುದು ನಾನು ಬೇಕೆಂದೇ ಮಾಡಿದ್ದು ಎಂಬುದು ನನಗೆ ಗೊತ್ತು. ಅದನ್ನು ಬೇರೆಯವರು ತೀರ್ಮಾನ ಮಾಡಲು ಬಂದರೆ ಮೈ ಉರಿಯುತ್ತದೆ.

ಪಿರಿಯಾಪಟ್ಟಣದ ಯತೀಶಣ್ಣನದು ಸೌಂಡ್ಸ್ ಅಂಗಡಿ. ಸುತ್ತಲ ಊರುಗಳ ಮೆರವಣಿಗೆಗೆಲ್ಲ ಅವರದೇ ಡಿಜೆ. ನಮ್ಮ ಬೆಟ್ಟದಪುರದ ಗಣೇಶನಿಗೂ ಈ ಸಲ ಅವರೇ. ಮೆರವಣಿಗೆಯ ದಿನ ನನ್ನ ಟ್ರ್ಯಾಕು ಅವರ ಬಾಕ್ಸುಗಳಲ್ಲಿ ಬರಬೇಕು ಎಂಬುದೊಂದೇ ನನ್ನ ಆಸೆ. ಲ್ಯಾಪ್‌ಟಾಪಿನ ಬಡಕಲು ಸ್ಪೀಕರಿನಲ್ಲಿ ಕೇಳಿ ಕೇಳಿ ಸಾಕಾಗಿತ್ತು. ಒಂದು ಸಲವಾದರೂ ನಮ್ಮ ಬೀದಿಯ ಕಿಟಕಿಗಳು ನಡುಗಬೇಕಿತ್ತು.

ಆ ಟ್ರ್ಯಾಕನ್ನು ಕಟ್ಟಿದ್ದು ನಮ್ಮಜ್ಜಿ ಗುರುಶಾಂತಮ್ಮನ ದನಿಯ ಮೇಲೆ. ಅಜ್ಜಿ ಸೇರಿನಲ್ಲಿ ರಾಗಿ ಅಳೆದು ಚೀಲಕ್ಕೆ ಸುರಿಯುವಾಗ ಫೋನಿನಲ್ಲಿ ಹಿಡಿದಿದ್ದೆ. ನಮ್ಮಲ್ಲಿ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಅಜ್ಜಿ "ಲಾಭ" ಎಂದು ಸುರಿದು, ಮತ್ತೆ ಸೇರು ತುಂಬಿ, ಅಂಗೈಯಿಂದ ಮೇಲ್ಗಡೆ ಸವರಿ, ಆಮೇಲೆ ನಿಧಾನಕ್ಕೆ "ಎರಡು" ಅನ್ನುತ್ತಾಳೆ. ನಡುವಿನ ಮೌನವನ್ನು ನಾನು ಇದ್ದ ಹಾಗೇ ಇಟ್ಟಿದ್ದೆ. ನಾಕು ಆದಮೇಲೆ ಡ್ರಮ್ ಬೀಳುತ್ತದೆ.

ಯತೀಶಣ್ಣ ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದರು.

"ರಾಗಿ ಸುರಿಯೋ ಸದ್ದ ಚೆನ್ನಾಗ್ ಕೂರ್ಸಿದ್ದೀಯ ಕಣಮ್ಮ ಹೇಮಶ್ರೀ. ಆದ್ರೆ ಬೇಸು, ಡ್ರಮ್ಮು ಎಲ್ಡೂ ಒಂದೇ ಜಾಗಕ್ಕೆ ಕಿತ್ತಾಡ್ತವೆ. ನನ್ನ ಬಾಕ್ಸಲ್ಲಿ ಬರೀ ಗುಂಯ್ ಅಂತದೆ. ಡ್ರಮ್ ಬಿದ್ದಾಗ ಬೇಸ್ ಇಳ್ಸು."

ನಿಜ. ತಲೆಯಾಡಿಸಿದೆ.

"ನಡುವೆ ಕೊಳಲು ಸುತ್ತಿ ಸುತ್ತಿ ಅದೇ ಬತ್ತದೆ. ಅರ್ಧ ಕತ್ರಿಸು."

ಆ ಕೊಳಲಿನ ಮೇಲೆ ನನಗೆ ವಿಪರೀತ ಮೋಹ. ಆದರೂ ಒಪ್ಪಿಕೊಂಡೆ.

"ಕೊನೇದು. ಆ ಅಜ್ಜಿ ವಾಯ್ಸ್ ತೆಗ್ದಾಕು. ಒನ್ ಟೂ ತ್ರೀ ಫೋರ್ ಅನ್ನೋ ರೆಡಿ ವಾಯ್ಸ್ ನನ್ನತ್ರ ಅದೆ, ಕೊಡ್ತೀನಿ."

"ಯಾಕಣ್ಣ?"

"ಲಾಭ ಅಂದು ಅಷ್ಟೊತ್ತು ಸುಮ್ನಾದ್ರೆ ಜನ ಕರೆಂಟ್ ಓಯ್ತು ಅನ್ಕತಾರೆ. ಅವ್ರು ಕುಣಿಯೋಕ್ ಬಂದಿರ್ತಾರೆ, ರಾಗಿ ಅಳೆಯೋಕಲ್ಲ."

"ಅದೊಂದ್ ಮಾತ್ರ ತೆಗ್ಯಲ್ಲ ಕಣಣ್ಣ."

"ಅಂಗಾದ್ರೆ ನಾನು ಹಾಕಲ್ಲ."

"ನೀವ್ ಹಾಕ್ಬೇಡಿ. ನಾನೇ ಗಾಡಿ ಅತ್ತಿ ಹಾಕ್ತೀನಿ. ಬಯ್ಯೋರು ನನ್ನೇ ಬಯ್ಲಿ."

ಯತೀಶಣ್ಣ ನನ್ನನ್ನೇ ನೋಡಿ ನಕ್ಕರು. "ಬೈಸ್ಕೊ ಬುಡು. ಆದ್ರೆ ಜನ ಚದುರಿದ್ರೆ, ಆಮೇಲೆ ನನ್ನ ಮಿಕ್ಸರ್ ಹತ್ರ ನೀನು ಬರಂಗಿಲ್ಲ."

ಮನೆಗೆ ಬಂದು ಬೇಸ್ ಇಳಿಸಿದೆ, ಕೊಳಲು ಕತ್ತರಿಸಿದೆ. ಅವರು ಕಳಿಸಿದ ಒನ್ ಟೂ ತ್ರೀ ಫೋರನ್ನೂ ಒಮ್ಮೆ ಕೂರಿಸಿ ಕೇಳಿದೆ. ಚೆನ್ನಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅದು ಯಾವ ಊರಿನ ಹಾಡು ಬೇಕಾದರೂ ಆಗಬಹುದಿತ್ತು. ಅಳಿಸಿ ಹಾಕಿದೆ.

ಗಣೇಶನ ಮೆರವಣಿಗೆ ಮಧ್ಯಾಹ್ನ ನಮ್ಮ ಬೀದಿಗೆ ತಿರುಗಿತು. ನಾನು ಬಾಕ್ಸುಗಳನ್ನು ಹೇರಿದ್ದ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ, ಓಡುತ್ತಿದ್ದ ಹಾಡು ನಿಲ್ಲಿಸಿ, ನನ್ನದನ್ನು ಒತ್ತಿದೆ.

"ಲಾಭ" ಎಂದಿತು ಬಾಕ್ಸು, ರಾಗಿ ಸುರಿದ ಸದ್ದು ಬಂತು. ಆಮೇಲೆ ಏನೂ ಇಲ್ಲ.

ಕುಣಿಯುತ್ತಿದ್ದ ಹುಡುಗರು ಕೈ ಎತ್ತಿದಂತೆಯೇ ನಿಂತರು. "ಕರೆಂಟ್ ಓಯ್ತೇನ್ಲಾ?" ಎಂದ ಒಬ್ಬ. ಯತೀಶಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನನ್ನ ಬೆರಳು ಮುಂದಿನ ಹಾಡಿನ ಬಟನ್ನಿನವರೆಗೂ ಹೋಗಿತ್ತು. ಒತ್ತಲಿಲ್ಲ.

ಜಗಲಿಯ ಮೇಲಿದ್ದ ಹೆಂಗಸರ ಸಾಲಿನಿಂದ ಯಾರೋ, ಅಭ್ಯಾಸ ಬಲದಿಂದ, "ಎರಡು" ಅಂದರು. ಅವರ ಹಿಂದೆಯೇ ಬಾಕ್ಸೂ "ಎರಡು" ಅಂದಿತು. ಬೀದಿ ನಗತೊಡಗಿತು. "ಮೂರು" ಎಂದು ಅರ್ಧ ಊರೇ ಹೇಳಿತು. "ನಾಕು" ಎಂದು ಹುಡುಗರು ಕಿರುಚಿದರು. ಡ್ರಮ್ ಬಿತ್ತು. ನಮ್ಮನೆ ಕಿಟಕಿ ಗಡಗಡ ನಡುಗಿತು, ನಾನು ಕಣ್ಣಾರೆ ನೋಡಿದೆ.

ಅಜ್ಜಿ ಮಾತ್ರ ಆರತಿ ತಟ್ಟೆ ಹಿಡಿದು ಗೊಣಗುತ್ತಿದ್ದಳು. "ಸೇರು ತುಂಬಕ್ ಮುಂಚೆನೇ ಎಣಿಸ್ತಾವಲ್ಲ ಇವು."

ಗಣೇಶನನ್ನು ಬಿಟ್ಟು ಬಂದಮೇಲೆ ಯತೀಶಣ್ಣ ವೈರು ಸುತ್ತುತ್ತ ಹತ್ತಿರ ಬಂದರು.

"ನಾಳಿದ್ದು ಹುಣಸೂರಲ್ಲಿ ಮೆರವಣಿಗೆ ಅದೆ. ಪೆನ್‌ಡ್ರೈವ್ ಕೊಟ್ಟಿರು. ಆ ಗ್ಯಾಪ್ ಒಂಚೂರು ಕಮ್ಮಿ ಮಾಡ್ಕೊಡು, ಸಾಕು."

"ಮಾಡಲ್ಲ ಕಣಣ್ಣ," ಎಂದು ಪೆನ್‌ಡ್ರೈವ್ ಅವರ ಅಂಗೈಗೆ ಇಟ್ಟೆ. "ನಮ್ಮಜ್ಜಿ ಸೇರು ತುಂಬೋಗಂಟ ಹುಣಸೂರೂ ಕಾಯ್ಲಿ."